ಒಳಗಿನ ಮೋಡೆಮ್, ಡಾಂಗಲ್, ಫೋನ್: ಲಿನಕ್ಸ್ ಲ್ಯಾಪ್‌ಟಾಪ್‌ಗೆ ಯಾವುದು?

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್‌ಗಳಲ್ಲಿ ಎಷ್ಟೋ ಯಂತ್ರಗಳಿಗೆ ಸಿಮ್ ಹಾಕುವ ಜಾಗ ಇರುತ್ತದೆ. ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿ, ಸಿಮ್ ತೂರಿಸಿ ನೋಡಿದರೆ ನೆಟ್‌ವರ್ಕ್ ಪಟ್ಟಿಯಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ಅನ್ನೋ ಸಾಲೇ ಬರುವುದಿಲ್ಲ. ಆಗ ಮೂರು ದಾರಿ: ಒಳಗಿನ ಮೋಡೆಮನ್ನೇ ಎಬ್ಬಿಸುವುದು, ಯುಎಸ್‌ಬಿ ಡಾಂಗಲ್ ಚುಚ್ಚುವುದು, ಇಲ್ಲವೇ ಫೋನಿನಿಂದ ನೆಟ್ ಎಳೆಯುವುದು. ಮೂರನ್ನೂ ಬಳಸಿದ್ದೇನೆ. ನನ್ನ ಓಟು ಒಳಗಿನ ಮೋಡೆಮ್‌ಗೆ. ಆದರೆ ಆ ಮೋಡೆಮ್ ಕಾರ್ಡ್ ಯಂತ್ರದೊಳಗೆ ಪಿಸಿಐ ಸಂಪರ್ಕದ ಮೂಲಕ ಅಲ್ಲ, ಯುಎಸ್‌ಬಿ ಸಂಪರ್ಕದ ಮೂಲಕ ಕೂತಿರಬೇಕು. ಅಷ್ಟೇ ಷರತ್ತು.

ಮೋಡೆಮ್ ಡಿಟೆಕ್ಟ್ ಆಗ್ತಿಲ್ಲ ಅಂದರೆ ಎಲ್ಲಿ ಆಗ್ತಿಲ್ಲ ಅನ್ನೋದೇ ಮೊದಲ ಪ್ರಶ್ನೆ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb), ಎಲ್‌ಎಸ್‌ಪಿಸಿಐ (lspci) ಎರಡೂ ಓಡಿಸಿ, ಅವು ಯುಎಸ್‌ಬಿ ಮತ್ತು ಪಿಸಿಐ ಮೂಲಕ ಕೂತ ಸಾಧನಗಳ ಪಟ್ಟಿ ಕೊಡುತ್ತವೆ. ಎರಡರಲ್ಲೂ ಕಾರ್ಡಿನ ಸುಳಿವಿಲ್ಲ ಅಂದರೆ ಡ್ರೈವರ್ ಹುಡುಕಿ ಉಪಯೋಗವಿಲ್ಲ. ಬಯಾಸ್‌ಗೆ ಹೋಗಿ, ಸೆಕ್ಯೂರಿಟಿ ಭಾಗದಲ್ಲಿ ವೈರ್‌ಲೆಸ್ ವ್ಯಾನ್ (ಮೊಬೈಲ್ ಮೋಡೆಮ್‌ನ ಸ್ವಿಚ್) ಆಫ್ ಆಗಿದೆಯಾ ನೋಡಿ. ಕಂಪನಿಗಳಲ್ಲಿ ಓಡಿದ ಯಂತ್ರಗಳಲ್ಲಿ ಅದನ್ನು ಆಫ್ ಮಾಡಿಯೇ ಇಟ್ಟಿರುವುದುಂಟು. ಹಿಂಬದಿ ಬಿಚ್ಚಿ ಕಾರ್ಡ್ ಇದೆಯಾ ಅಂತಲೂ ನೋಡಿ, ಸಿಮ್ ಟ್ರೇ ಇದ್ದ ಮಾತ್ರಕ್ಕೆ ಕಾರ್ಡ್ ಇರಲೇಬೇಕೆಂದಿಲ್ಲ. ಹಳೇ ಥಿಂಕ್‌ಪ್ಯಾಡ್‌ಗೆ ಬೇರೆ ಕಾರ್ಡ್ ತಂದು ಹಾಕುವ ಯೋಚನೆ ಇದ್ದರೆ ಜೋಪಾನ. ತಯಾರಕರು ಒಪ್ಪಿದ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಕೆಲವು ಮಾಡೆಲ್‌ಗಳು 1802 ಅನ್ನೋ ಎರರ್ ಕೊಟ್ಟು ಬೂಟ್ ಆಗದೆ ನಿಂತುಬಿಡುತ್ತವೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಸಿಯೆರಾ ಇಎಂ7455. ಎಲ್‌ಎಸ್‌ಯುಎಸ್‌ಬಿಯಲ್ಲಿ 1199:9079 ಅನ್ನೋ ಅದರ ಗುರುತಿನ ನಂಬರ್ ಕಾಣಿಸಿತು. ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇತ್ತು, ತಾನಾಗಿ ಲೋಡ್ ಆಗಿತ್ತು. ಮೊಬೈಲ್ ಮೋಡೆಮ್‌ಗಳನ್ನು ನಡೆಸುವ ಸಾಫ್ಟ್‌ವೇರ್ ಮೋಡೆಮ್‌ಮ್ಯಾನೇಜರ್‌ಗೂ ಕಾರ್ಡ್ ಗೊತ್ತಿತ್ತು. ಆದರೂ ಆನ್ ಆಗಲು ಒಪ್ಪದೆ, ಪವರ್ ಸ್ಟೇಟ್ 'ಲೋ' ಅಂತಲೇ ಕೂತಿತ್ತು. ಇದಕ್ಕೆ ಕಾರಣ ಎಫ್‌ಸಿಸಿ (ಅಮೆರಿಕದ ರೇಡಿಯೋ ನಿಯಂತ್ರಣ ಸಂಸ್ಥೆ) ಹೆಸರಿನ ಲಾಕ್. ಲ್ಯಾಪ್‌ಟಾಪ್ ತಯಾರಕರು ಕಾರ್ಡಿನ ರೇಡಿಯೋಗೆ ಒಂದು ಬೀಗ ಹಾಕಿರುತ್ತಾರೆ. ಪ್ರತಿ ಸಲ ಆನ್ ಆದಾಗಲೂ ಸಾಫ್ಟ್‌ವೇರ್ ಅದನ್ನು ತೆಗೆಯಬೇಕು. ಮೊದಲು ಮೋಡೆಮ್‌ಮ್ಯಾನೇಜರ್ ಈ ಕೆಲಸವನ್ನು ತಾನೇ ಮಾಡುತ್ತಿತ್ತು. 1.18.4 ಆವೃತ್ತಿಯಿಂದ ಅದನ್ನು ನಮಗೆ ಬಿಟ್ಟಿದೆ.

ಪರಿಹಾರ ಸಣ್ಣದು. ಮೋಡೆಮ್‌ಮ್ಯಾನೇಜರ್‌ನ 'ಎಫ್‌ಸಿಸಿ-ಅನ್‌ಲಾಕ್.ಅವೈಲಬಲ್.ಡಿ' ಫೋಲ್ಡರ್‌ನಲ್ಲಿ ನಿಮ್ಮ ಕಾರ್ಡಿನ ನಂಬರನ್ನೇ ಹೆಸರಾಗಿಟ್ಟ ಸ್ಕ್ರಿಪ್ಟ್ ಇರುತ್ತದೆ. ಅದಕ್ಕೆ ಇಟಿಸಿ (/etc) ಫೋಲ್ಡರ್ ಒಳಗಿನ 'ಎಫ್‌ಸಿಸಿ-ಅನ್‌ಲಾಕ್.ಡಿ'ಯಿಂದ ಒಂದು ಲಿಂಕ್ ಕೊಟ್ಟು ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಸಾಕು. ನನ್ನ ಕಾರ್ಡಿನ ಸ್ಕ್ರಿಪ್ಟ್‌ಗೆ ಲಿಬ್‌ಕ್ಯೂಎಂಐ-ಯುಟಿಲ್ಸ್ ಪ್ಯಾಕೇಜ್ ಕೂಡ ಬೇಕು, ಅದನ್ನು ಮರೆಯಬೇಡಿ. ಆಮೇಲೆ ಎಪಿಎನ್, ಅಂದರೆ ಸಿಮ್ ಕಂಪನಿಯ ನೆಟ್‌ಗೆ ಸೇರಲು ಕೊಡುವ ಹೆಸರು: ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಈಗ ಮೈಸೂರು ರೈಲಿನಲ್ಲಿ ಲ್ಯಾಪ್‌ಟಾಪ್ ತೆರೆದರೆ ಕೆಲ ಕ್ಷಣದಲ್ಲಿ ನೆಟ್ ಬಂದಿರುತ್ತದೆ. ಆ ಸುಖ ಬೇರೆ ಎರಡು ದಾರಿಯಲ್ಲಿ ಸಿಗಲಿಲ್ಲ.

ನನ್ನ ತಂಗಿಯ ಲ್ಯಾಪ್‌ಟಾಪ್ ಕಥೆ ಬೇರೆ. "ಅಣ್ಣಾ, ನಿಂದು ಸರಿಹೋಯ್ತಲ್ಲ, ನಂದೂ ಮಾಡಿಕೊಡು" ಅಂದಳು. ಅದರಲ್ಲಿ ಎಲ್‌ಎಸ್‌ಯುಎಸ್‌ಬಿ ಖಾಲಿ, ಎಲ್‌ಎಸ್‌ಪಿಸಿಐಯಲ್ಲಿ 8086:7360. ಅಂದರೆ ಇಂಟೆಲ್ ಎಕ್ಸ್‌ಎಂಎಂ 7360 ಚಿಪ್. 2021ರಲ್ಲಿ ಕರ್ನಲ್ 5.14ಕ್ಕೆ ಇಂಥ ಇಂಟೆಲ್ ಚಿಪ್‌ಗಳ ಐಓಎಸ್‌ಎಂ ಡ್ರೈವರ್ ಬಂದಾಗ ಅದು 7560 ಚಿಪ್‌ಗೆ ಇತ್ತು, 7360 ಆಮೇಲೆ ಸೇರಿತು. ಡೆಬಿಯನ್ 12ರಲ್ಲಿ ಈ ಕಾರ್ಡ್ ಕರ್ನಲ್ ಜೊತೆ ಮಾತಾಡಿತು, ಮೋಡೆಮ್‌ಮ್ಯಾನೇಜರ್ ಜೊತೆ ಆಡಲಿಲ್ಲ. ಆಸಕ್ತರು ಬರೆದ ಎಕ್ಸ್‌ಎಂಎಂ7360-ಪಿಸಿಐ ಡ್ರೈವರನ್ನು ಕಂಪೈಲ್ ಮಾಡಿದ ಮೇಲೆ ನೆಟ್ ಬಂತು. ಯಾವ ದಾಖಲೆಯೂ ಇಲ್ಲದೆ ಅದನ್ನು ಬರೆದವರ ಶ್ರಮ ದೊಡ್ಡದು. ಆದರೆ ಸಹಿ ಇಲ್ಲದ ಡ್ರೈವರನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಯಿತು. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಕಂಪೈಲ್. ಮುಚ್ಚಳ ಮುಚ್ಚಿ ತೆರೆದರೆ ಸಂಪರ್ಕ ಹೋಗಿರುತ್ತಿತ್ತು. ದಿನಾ ಕೆಲಸಕ್ಕೆ ಹೊತ್ತುಕೊಂಡು ಓಡಾಡುವವರಿಗೆ ಇದು ಬೇಡ.

ಅವಳಿಗೆ ಡಾಂಗಲ್ ಕೊಡಿಸಿದೆ. ಇದರಲ್ಲೂ ಒಂದು ಸಣ್ಣ ತೊಡಕಿದೆ. ಚುಚ್ಚಿದ ತಕ್ಷಣ ಎಷ್ಟೋ ಡಾಂಗಲ್‌ಗಳು ಮೋಡೆಮ್ ಆಗಿ ಅಲ್ಲ, ಸಿಡಿ ಡ್ರೈವ್ ಆಗಿ ಕಾಣುತ್ತವೆ. ವಿಂಡೋಸ್ ಡ್ರೈವರ್ ಹಾಕಿಕೊಳ್ಳಲಿ ಅಂತ ಮಾಡಿದ ಏರ್ಪಾಡು ಅದು. ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಇದ್ದರೆ ತಾನೇ ಬದಲಾಗುತ್ತದೆ. ಹುವಾವೇ ಹೈಲಿಂಕ್ ಡಾಂಗಲ್ 12ಡಿ1:1ಎಫ್01 ಇಂದ 12ಡಿ1:14ಡಿಸಿ ಆಗುವುದನ್ನು ಕಣ್ಣಾರೆ ನೋಡಬಹುದು. ಹೈಲಿಂಕ್ ಬಗೆಯದು ಲಿನಕ್ಸ್‌ಗೆ ಬರೀ ಈಥರ್‌ನೆಟ್ ಕಾರ್ಡ್ ಇದ್ದ ಹಾಗೆ. ಎಪಿಎನ್ ಸೆಟ್ಟಿಂಗ್ ಎಲ್ಲ 192.168.8.1 ಪುಟದಲ್ಲಿ. ಡಾಂಗಲ್ ಕೊಳ್ಳುವುದಾದರೆ ಇಂಥದ್ದನ್ನೇ ಕೊಳ್ಳಿ. ಆದರೆ ಡಾಂಗಲ್ ಇಕ್ಕಟ್ಟಿನ ಮೆಟ್ರೋದಲ್ಲಿ ಪಕ್ಕಕ್ಕೆ ಚಾಚಿಕೊಂಡು ಯಾರದೋ ಮೊಣಕೈಗೆ ತಾಗುತ್ತದೆ, ಬಿಸಿಯೂ ಆಗುತ್ತದೆ.

ಫೋನ್ ಟೆದರಿಂಗ್ ಬಗ್ಗೆ ಹೇಳೋದು ಕಮ್ಮಿ, ಯಾಕಂದರೆ ತೊಂದರೆಯೇ ಕಮ್ಮಿ. ಆಂಡ್ರಾಯ್ಡ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಏನೂ ಇನ್‌ಸ್ಟಾಲ್ ಮಾಡದೆ ನೆಟ್ ಬರುತ್ತದೆ. ಕರೆಂಟ್ ಹೋಗಿ ಮನೆಯ ರೂಟರ್ ನಿಂತಾಗ ಇದೇ ಸಾಕು. ದಿನವಿಡೀ ಹೀಗೇ ಅಂದರೆ ಲ್ಯಾಪ್‌ಟಾಪ್ ಚಾರ್ಜನ್ನು ಫೋನ್ ಕುಡಿಯುತ್ತದೆ, ವೈಫೈ ಹಾಟ್‌ಸ್ಪಾಟ್ ಇಟ್ಟರೆ ಫೋನಿನ ಚಾರ್ಜ್ ಇಳಿಯುತ್ತದೆ.

ವೇಗದಲ್ಲಿ ಫೋನೇ ಮುಂದೆ, ಅದನ್ನು ಒಪ್ಪಲೇಬೇಕು. ಇಎಂ7455 ಕ್ಯಾಟಗರಿ 6ರ ಕಾರ್ಡ್, ಕಾಗದದ ಮೇಲೆ 300 ಎಂಬಿಪಿಎಸ್. ಆದರೆ ನಮ್ಮಲ್ಲಿ ಓಡುವ 4ಜಿ ಬ್ಯಾಂಡ್‌ಗಳಲ್ಲಿ (ರೇಡಿಯೋ ಆವರ್ತನದ ಪಟ್ಟಿಗಳಲ್ಲಿ) 3 ಮತ್ತು 5 ಅದಕ್ಕೆ ಸಿಗುತ್ತವೆ, 40 ಸಿಗುವುದಿಲ್ಲ. ಜನ ಜಾಸ್ತಿ ಇರುವ ಜಾಗದಲ್ಲಿ, ಉದಾಹರಣೆಗೆ ಸಂಜೆ ಹೊತ್ತು ಮೆಜೆಸ್ಟಿಕ್‌ನಲ್ಲಿ, ಆ ವ್ಯತ್ಯಾಸ ಗೊತ್ತಾಗುತ್ತದೆ. ಮೇಲ್, ಗಿಟ್, ಎಸ್‌ಎಸ್‌ಎಚ್ ಕೆಲಸಕ್ಕೆ ನನಗೆ ಯಾವತ್ತೂ ಕಮ್ಮಿ ಬಿದ್ದಿಲ್ಲ.

ಸಿಮ್ ಜಾಗ ಇರುವ ಹಳೇ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದರೆ ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಒಂದು ಲೈವ್ ಪೆನ್‌ಡ್ರೈವ್ ಜೇಬಲ್ಲಿರಲಿ. ಅಂಗಡಿಯಲ್ಲೇ ಬೂಟ್ ಮಾಡಿ ಎಲ್‌ಎಸ್‌ಯುಎಸ್‌ಬಿ ಓಡಿಸಿ. ಹಿಂಬದಿ ಬಿಚ್ಚಿ ತೋರಿಸಲು ಕೇಳಿ, ಕಾರ್ಡಿಗೆ ಎರಡು ಆಂಟೆನಾ ತಂತಿ ಬಂದಿವೆಯಾ ನೋಡಿ, ಆಮೇಲೆ ದುಡ್ಡು ಕೊಡಿ.