ಸಾಲಿಗೆ ಬರುವ ಸೇವಾ ಕ್ಲಬ್ಬು: ಏನು ಕೇಳಬೇಕು, ಎಲ್ಲಿ ಕೈಕೊಡುತ್ತದೆ

ರೋಟರಿಯಾಗಲಿ ಲಯನ್ಸ್ ಆಗಲಿ, ಕ್ಲಬ್ಬಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅಧ್ಯಕ್ಷರ ಕುರ್ಚಿ ಅಂದೇ ಬದಲು. ಹುಬ್ಬಳ್ಳಿ-ಧಾರವಾಡದ ಸರಕಾರಿ ಸಾಲಿಗಳಿಗೆ (ಶಾಲೆಗಳಿಗೆ) ಈ ಕ್ಲಬ್ಬುಗಳಿಂದ ಸಿಗುವ ಸೇವೆಯಲ್ಲಿ ಛಲೋ ಇರುವುದಕ್ಕೂ ಕೆಡುವುದಕ್ಕೂ ಅರ್ಧ ಕಾರಣ ಈ ಒಂದು ತಾರೀಖು. ಹೊಸ ಅಧ್ಯಕ್ಷರು ಹುರುಪಿನಿಂದ ಬರುತ್ತಾರೆ, ಏನಾದರೂ ಮಾಡಿ ತೋರಿಸಲೇಬೇಕು ಅಂತಾರೆ. ಆದರೆ ಮೇ ತಿಂಗಳಲ್ಲಿ ಮಾತು ಕೊಟ್ಟವರು ಜುಲೈನಲ್ಲಿ 'ಮಾಜಿ' ಆಗಿರುತ್ತಾರೆ. ಮಗುವಿನ ಕಣ್ಣಿನ ನಂಬರು ಮಾತ್ರ ಯಾವ ಪದಗ್ರಹಣಕ್ಕೂ ಕಾಯದೆ ಬದಲಾಗುತ್ತಲೇ ಇರುತ್ತದೆ.

ಈಗ ಮಕ್ಕಳ ಹೆಸರು ಹೇಳುವ ದೊಡ್ಡ ಕ್ಲಬ್ಬುಗಳಲ್ಲಿ ಮಕ್ಕಳಿಗಾಗಿಯೇ ಹುಟ್ಟಿದ್ದು ಸಿಗುವುದು ಕಷ್ಟ. ರೋಟರಿಯನ್ನು 1905ರಲ್ಲಿ ಶಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಕಟ್ಟಿದ್ದು ಬೇರೆಬೇರೆ ಕಸುಬಿನವರ ಗೆಳೆತನಕ್ಕೆ, ಪರಸ್ಪರ ವ್ಯಾಪಾರಕ್ಕೆ. ಕಿವಾನಿಸ್ 1915ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರುವಾದದ್ದೂ ಹಾಗೆಯೇ, 'ನೀ ನನಗಾದರೆ ನಾ ನಿನಗೆ' ಎಂಬ ಲೆಕ್ಕದಲ್ಲಿ. ಅದನ್ನು ಹುಟ್ಟುಹಾಕಿದ ಅಲನ್ ಬ್ರೌನ್‌ಗೆ ಪ್ರತಿ ಸದಸ್ಯನ ಶುಲ್ಕದಲ್ಲಿ ಪಾಲಿತ್ತು. 1919ರ ಬರ್ಮಿಂಗ್‌ಹ್ಯಾಮ್ ಸಮ್ಮೇಳನದಲ್ಲಿ ಸದಸ್ಯರೇ ಸೇರಿ 17,500 ಡಾಲರ್ ಎತ್ತಿ, ಅವನ ಕೈಯಿಂದ ಕ್ಲಬ್ಬನ್ನು ಬಿಡಿಸಿಕೊಂಡರು. ಸೇವೆಯ ದಾರಿ ಗಟ್ಟಿಯಾದದ್ದು ಆಮೇಲೆ. ಮಕ್ಕಳೇ ತನ್ನ ಮುಖ್ಯ ಕೆಲಸ ಎಂದು ಹೇಳುವ ಈ ಕ್ಲಬ್ಬು 1994ರಿಂದ ಯುನಿಸೆಫ್ ಜತೆ ಅಯೋಡಿನ್ ಕೊರತೆಯ ವಿರುದ್ಧ, 2010ರಿಂದ ತಾಯಿ-ಶಿಶುಗಳ ಧನುರ್ವಾಯು ವಿರುದ್ಧ ಹಣ ಕೂಡಿಸಿತು. ಒಂದೇ ಕೆಲಸವನ್ನು ಹತ್ತಾರು ಅಧ್ಯಕ್ಷರು ಸಾಲಾಗಿ ಹೊತ್ತರೆ ಏನಾಗುತ್ತದೆ ಎಂಬುದಕ್ಕೆ ಇದು ಛಲೋ ಉದಾಹರಣೆ. ನಮ್ಮ ಕಡೆ ಇದರ ಹೆಸರು ಮಾತ್ರ ರೋಟರಿ, ಲಯನ್ಸ್‌ನಷ್ಟು ಕಿವಿಗೆ ಬೀಳುವುದಿಲ್ಲ.

ಲಯನ್ಸ್ 1917ರದು, ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯಾಪಾರಿಯ ಕೂಸು. 1925ರ ಸಮ್ಮೇಳನದಲ್ಲಿ ಹೆಲೆನ್ ಕೆಲರ್ ಬಂದು, ಕುರುಡುತನದ ವಿರುದ್ಧ ನಿಲ್ಲಿ ಎಂದು ಕೇಳಿದ್ದೇ ಅದರ ದಿಕ್ಕಾಯಿತು. ಇವತ್ತಿಗೂ ಲಯನ್ಸ್ ಎಂದರೆ ಜನರ ಬಾಯಲ್ಲಿ ಕಣ್ಣಿನ ಕ್ಯಾಂಪು. ರೋಟರಿ 1985ರಲ್ಲಿ ಪೋಲಿಯೋ ಹಿಡಿಯಿತು, ಬಿಡಲಿಲ್ಲ. ಭಾರತದ ಕೊನೆಯ ಪ್ರಕರಣ ಹೌರಾದಲ್ಲಿ 2011ರ ಜನವರಿಯಲ್ಲಿ ಕಂಡಿತು, 2014ರಲ್ಲಿ ಪೋಲಿಯೋಮುಕ್ತ ಪ್ರಮಾಣಪತ್ರ ಬಂತು. ರೌಂಡ್ ಟೇಬಲ್ 1927ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಹುಟ್ಟಿದಾಗಲೇ 40ರ ವಯಸ್ಸಿನ ಗಡಿ ಹಾಕಿಕೊಂಡಿತ್ತು. ಭಾರತದಲ್ಲಿ ಅದರ ದೊಡ್ಡ ಕೆಲಸ ಸಾಲಿ ಕೊಠಡಿ ಕಟ್ಟಿಸುವುದು.

ಮುಖ್ಯೋಪಾಧ್ಯಾಯರಿಗೆ ಈ ಚರಿತ್ರೆ ಯಾಕೆ ಬೇಕೆಂದರೆ, ಕೇಳುವ ಬಾಗಿಲು ಗೊತ್ತಿರಬೇಕು. ಕಣ್ಣಿಗೆ ಲಯನ್ಸ್, ಕೊಠಡಿಗೆ ರೌಂಡ್ ಟೇಬಲ್, ನೀರು-ಶೌಚಾಲಯ-ಗ್ರಂಥಾಲಯಕ್ಕೆ ರೋಟರಿ ಎಂದು ಹೊರಟರೆ ಓಡಾಟ ಕಡಿಮೆ. ರೋಟರಿಯ ದೊಡ್ಡ ಅನುದಾನವಾದ ಗ್ಲೋಬಲ್ ಗ್ರ್ಯಾಂಟ್ ಮಾತ್ರ ಒಂದು ಸಾಲಿಗೆ ಬರುವಂಥದ್ದಲ್ಲ. ಅದರ ಕನಿಷ್ಠ ಮೊತ್ತವೇ 30,000 ಡಾಲರ್. ಹತ್ತು ಹದಿನೈದು ಸಾಲಿಗಳು ಕೂಡಿ, ಬೇಡಿಕೆಯ ಸಮೀಕ್ಷೆ ಕಾಗದದ ಮೇಲೆ ಇದ್ದರೆ ಮಾತ್ರ ಮಾತಾಡಲು ಬಂದೀತು.

ಸೇವೆಗಳಲ್ಲಿ ನಮ್ಮ ಮೊದಲ ಅಂಕ ಕಣ್ಣಿನ ತಪಾಸಣೆಗೇ. ಬಹಳ ಕೆಡುವುದೂ ಅದೇ.

ಅಳತೆಯಿಂದಲೇ ಕೆಡಲು ಶುರು. ಚಾರ್ಟಿಗೂ ಮಗುವಿಗೂ 6 ಮೀಟರ್, ಅಂದರೆ 20 ಅಡಿ ಬೇಕು. ಹಳೆಯ ಹಂಚಿನ ಕೊಠಡಿಗಳಲ್ಲಿ ಬೆಂಚು ಸರಿಸಿದರೂ ಅಷ್ಟು ಸಿಗುವುದು ಅಪರೂಪ. 'ಇರಲಿ ಬಿಡ್ರಿ' ಎಂದು 15 ಅಡಿಗೆ ನಿಲ್ಲಿಸಿದರೆ, ಚಷ್ಮಾ ಬೇಕಾದ ಮಗುವೂ ಪಾಸಾಗುತ್ತದೆ. ಪಡಸಾಲೆಯಲ್ಲಿ ಟೇಪು ಹಿಡಿದು ಸುಣ್ಣದ ಗೆರೆ ಎಳೆಯಬೇಕು, ಇಲ್ಲವೇ 3 ಮೀಟರಿಗೆಂದೇ ಮಾಡಿದ ಚಾರ್ಟು ತರಿಸಬೇಕು. ಚಾರ್ಟಿನ ಹಿಂದೆ ತೆರೆದ ಕಿಟಕಿ ಇರಬಾರದು. ಕಲಘಟಗಿ, ಅಳ್ನಾವರ ಕಡೆ ಮಳೆಗಾಲದ ಮೋಡದಲ್ಲಿ ಕರೆಂಟೂ ಹೋದರೆ ಅಂದು ಮಕ್ಕಳೆಲ್ಲ ಫೇಲು. ಅಂಥ ದಿನ ಕ್ಯಾಂಪು ಮುಂದೂಡುವುದೇ ವಾಸಿ.

ಒಂದೊಂದೇ ಕಣ್ಣು. ಇನ್ನೊಂದನ್ನು ಬೆರಳಿಂದ ಮುಚ್ಚಿಕೊಂಡರೆ ಸಂದಿಯಲ್ಲಿ ನೋಡುತ್ತಾರೆ, ಅಂಗೈಯಿಂದ ಒತ್ತಿಕೊಂಡರೆ ಆ ಕಣ್ಣು ಆಮೇಲೆ ಸ್ವಲ್ಪ ಹೊತ್ತು ಮಸುಕು. ಒತ್ತದೆ ಅಂಗೈ ಬಟ್ಟಲಾಗಿ ಹಿಡಿಯಲು ಹೇಳಬೇಕು, ಇಲ್ಲವೇ ರಟ್ಟಿನ ತುಂಡು ಕೊಡಬೇಕು. ಸರದಿಯಲ್ಲಿ ನಿಂತವರು ಅಕ್ಷರದ ಸಾಲನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಬಿಡುತ್ತಾರೆ. ಅದಕ್ಕೇ ದಿಕ್ಕು ತಿರುಗಿಸಬಹುದಾದ ಇಂಗ್ಲಿಷಿನ 'ಇ' (E) ಕಾರ್ಡು ಅಕ್ಷರದ ಚಾರ್ಟಿಗಿಂತ ಮೇಲು, ಓದು ಬಾರದ ಒಂದನೇ ತರಗತಿಗೂ ನಡೆಯುತ್ತದೆ. ಚಾರ್ಟಿನಲ್ಲಿ 6/9 ಎಂದು ಗುರುತಿರುವ ಸಾಲು ಯಾವ ಕಣ್ಣಿಗೆ ಕಾಣಲಿಲ್ಲವೋ ಆ ಮಗು ಮುಂದಿನ ಪರೀಕ್ಷೆಗೆ. ಒಂದು ಮಗುವಿಗೆ ಎರಡು ನಿಮಿಷ ಹಿಡಿದರೂ 300 ಮಕ್ಕಳಿಗೆ ಒಬ್ಬರೇ ಕೂತರೆ 10 ತಾಸು. ಆದ್ದರಿಂದ ಬಿಸಿಯೂಟದ ಗಂಟೆಯೊಳಗೆ ಒಂದೇ ಚಾರ್ಟಿನಲ್ಲಿ ಇಡೀ ಸಾಲಿ ಮುಗಿಸಿದ ಕ್ಯಾಂಪಿನ ವರದಿಯನ್ನು ನಂಬಬೇಡಿ. ಶಿಕ್ಷಕರೇ ಹಿಂದಿನ ವಾರ ಜಾಲಿಸಿ ಪಟ್ಟಿ ಮಾಡಿಟ್ಟರೆ, ಬರುವ ತಜ್ಞರಿಗೆ ನಿಜವಾದ ಕೆಲಸಕ್ಕೆ ಹೊತ್ತು ಸಿಗುತ್ತದೆ.

ಆ ನಿಜವಾದ ಕೆಲಸ ಎಂದರೆ ಹನಿ ಹಾಕಿ ನಂಬರು ತೆಗೆಯುವುದು. ಮಕ್ಕಳ ಕಣ್ಣಿನ ಮಸೂರ ತಾನೇ ಬಿಗಿಹಿಡಿದು ದೃಷ್ಟಿ ಹೊಂದಿಸಿಕೊಳ್ಳುತ್ತದೆ. ಹನಿ ಹಾಕದೆ ಅಳೆದರೆ ಇಲ್ಲದ ಮೈನಸ್ ನಂಬರು ಬರುತ್ತದೆ, ಇದ್ದದ್ದು ಹೆಚ್ಚಾಗಿ ಕಾಣುತ್ತದೆ. ಆ ಚಷ್ಮಾ ಹಾಕಿದ ಮಗುವಿಗೆ ತಲೆಶೂಲೆ, ಚಷ್ಮಾ ಪಾಟಿಚೀಲದ ತಳಕ್ಕೆ. ಸೈಕ್ಲೋಪೆಂಟೊಲೇಟ್ ಹನಿಯ ಪರಿಣಾಮ ಸುಮಾರು ಒಂದು ದಿನ, ಅಟ್ರೋಪಿನ್ ಆದರೆ ಎರಡು ವಾರದವರೆಗೂ ಇದ್ದೀತು. ಅಷ್ಟು ಹೊತ್ತು ಹತ್ತಿರದ ಅಕ್ಷರ ಮಸುಕು, ಬಿಸಿಲು ಚುಚ್ಚುತ್ತದೆ. ಇದನ್ನು ಕನ್ನಡದಲ್ಲಿ ಬರೆದ ಒಪ್ಪಿಗೆ ಚೀಟಿ ಮೂರು ದಿನ ಮೊದಲೇ ಪಾಲಕರ ಕೈಗೆ ಹೋಗಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ನಡೆದಾಗ, ಜನ ದುಡಿಯಲು ಗೋವಾಕ್ಕೆ ಹೋದಾಗ ಸಹಿ ಹಾಕುವವರು ಮನೆಯಲ್ಲಿ ಇರುವುದಿಲ್ಲ. ಜುಲೈ-ಆಗಸ್ಟ್ ಅದಕ್ಕೇ ಛಲೋ. ಕ್ಲಬ್ಬಿನ ಹೊಸ ವರ್ಷವೂ ಆಗ ತಾನೇ ಎಳೆಯದು.

ಚಷ್ಮಾ ಹಂಚುವಾಗ ಮೊದಲು ನೋಡಬೇಕಾದದ್ದು ಎರಡು ಕಣ್ಣುಪಾಪೆಗಳ ನಡುವಿನ ಅಂತರ. ದೊಡ್ಡವರಿಗೆ 62-64 ಮಿ.ಮೀ. ಇದ್ದರೆ, ಪ್ರಾಥಮಿಕ ಸಾಲಿಯ ಮಕ್ಕಳಿಗೆ ಹೆಚ್ಚಾಗಿ 50ರಿಂದ 58. ಒಂದೇ ಅಳತೆಯ ಸಿದ್ಧ ಚಷ್ಮಾ ಪೆಟ್ಟಿಗೆಗಟ್ಟಲೆ ತಂದರೆ ಮಸೂರದ ನಡುಮಧ್ಯ ಕಣ್ಣಿಗೆ ಕೂಡುವುದಿಲ್ಲ, ಕಣ್ಣು ಎಳೆದಂತಾಗುತ್ತದೆ. ಗಾಜು ಬೇಡ, ಪ್ಲಾಸ್ಟಿಕ್ ಮಸೂರವೇ ಇರಲಿ. ಪಾಲಿಕಾರ್ಬೊನೇಟ್ ಸಿಕ್ಕರೆ ಚೆಂಡು ಬಡಿದರೂ ಸುಲಭಕ್ಕೆ ಒಡೆಯದು. ತಪಾಸಣೆಯಾಗಿ ಎರಡು-ಮೂರು ವಾರದಲ್ಲಿ ಚಷ್ಮಾ ಮೂಗಿನ ಮೇಲೆ ಇರಬೇಕು. ಎಷ್ಟೋ ಕಡೆ ಅದು ತಯಾರಾಗಿ ಡಬ್ಬಿಯಲ್ಲೇ ಕೂತಿರುತ್ತದೆ, ಕ್ಲಬ್ಬುಗಳ ಜಿಲ್ಲಾ ಮುಖ್ಯಸ್ಥರಾದ ಗವರ್ನರ್ ಭೇಟಿಯ ದಿನ ಬ್ಯಾನರ್ ಮುಂದೆ ಕೊಡಲಿಕ್ಕೆ. ಆ ಎರಡು ತಿಂಗಳು ಮಗು ಫಳಾ (ಕರಿಹಲಗೆ) ನೋಡಿದ್ದು ಹೇಗೆ ಎಂದು ಕೇಳುವವರಿಲ್ಲ. ಚಷ್ಮಾ ಬಂದ ವಾರವೇ ಕೊಟ್ಟುಬಿಡಿ, ಗವರ್ನರ್ ಬಂದಾಗ ಹಾಕಿಕೊಂಡು ನಿಂತ ಮಕ್ಕಳನ್ನು ತೋರಿಸಿ. ಅವರಿಗೂ ಅದೇ ಹೆಚ್ಚು ಚಂದ.

ಮೂರನೇ ತಿಂಗಳಲ್ಲಿ ಹೇಳದೆ ಕೇಳದೆ ಹೋಗಿ ಎಣಿಸಿದರೆ ಕ್ಯಾಂಪಿನ ಬೆಲೆ ಗೊತ್ತಾಗುತ್ತದೆ. ಹಾಕಿಕೊಳ್ಳದವರಿಗೆ ಕಾರಣಗಳು ಬಹುತೇಕ ಅವೇ: ಗೆಳೆಯರು 'ನಾಕ್ ಕಣ್ಣಿನಾಂವ' ಅಂತಾರೆ, ಹೆಣ್ಣುಮಗಳಿಗೆ ಚಷ್ಮಾ ಯಾಕೆ ಎಂದು ಅಜ್ಜಿ ತೆಗೆಸಿಟ್ಟಳು, ಕಡ್ಡಿಯ ಸ್ಕ್ರೂ ಬಿತ್ತು. ಮೂರನೆಯದಕ್ಕೆ ಸಾಲಿಯಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್, ಒಂದು ಪೊಟ್ಟಣ ಸ್ಕ್ರೂ ಇಟ್ಟರೆ ಸಾಕು. ಮೊದಲೆರಡಕ್ಕೆ ತರಗತಿಯ ಶಿಕ್ಷಕರೇ ಮದ್ದು. ಬೆಳೆಯುವ ವಯಸ್ಸಿನಲ್ಲಿ ನಂಬರು ಓಡುತ್ತಿರುತ್ತದೆ, ವರ್ಷಕ್ಕೊಮ್ಮೆ ಮತ್ತೆ ಅಳೆಯಬೇಕು. ಮೆಳ್ಳಗಣ್ಣು, ಸೋಮಾರಿ ಕಣ್ಣು (ಒಂದು ಕಣ್ಣಿನ ನೋಟ ಸರಿಯಾಗಿ ಬೆಳೆಯದೆ ಉಳಿಯುವುದು) ಕ್ಯಾಂಪಿನಲ್ಲಿ ಮುಗಿಯುವ ಕೆಲಸವಲ್ಲ. ಒಳ್ಳೆಯ ಕಣ್ಣಿಗೆ ದಿನಕ್ಕೆ ಎರಡರಿಂದ ಆರು ತಾಸು ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ನೋಡಿಕೊಳ್ಳಬೇಕು, ಏಳೆಂಟು ವರ್ಷದೊಳಗೆ ಹಿಡಿದರೆ ಫಲ ಹೆಚ್ಚು. ಇಂಥ ಮಗುವಿಗೆ ಆಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜು ಕೊಡುವ ಕ್ಲಬ್ಬು, ನೂರು ಚಷ್ಮಾ ಹಂಚಿದ ಕ್ಲಬ್ಬಿಗಿಂತ ದೊಡ್ಡದು.

ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದಲೇ ಇದೆ, ಅದರ ತಂಡ ಸಾಲಿಗೆ ವರ್ಷಕ್ಕೊಮ್ಮೆ ಬರಬೇಕು. ಮೊದಲು ಅವರ ಪಟ್ಟಿ ಕೇಳಿ ತೆಗೆದುಕೊಳ್ಳಿ. ಅವರು ಗುರುತಿಸಿದರೂ ಮುಂದಕ್ಕೆ ಹೋಗದೆ ಉಳಿದ ಮಕ್ಕಳೇ ಕ್ಲಬ್ಬಿಗೆ ತಕ್ಕ ಕೆಲಸ.

ಕುಡಿಯುವ ನೀರಿನ ಘಟಕದ ವಿಷಯದಲ್ಲಿ ಊರು ನೋಡಿ ಒಪ್ಪಿಕೊಳ್ಳಬೇಕು. ಗದಗ ಜಿಲ್ಲೆಯ ಮುಂಡರಗಿ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಕಾಟ. ಅಲ್ಲಿ ಬರೀ ಯುವಿ ದೀಪದ ಫಿಲ್ಟರ್ ಕೊಟ್ಟರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಇದ್ದಲ್ಲೇ ಇರುತ್ತದೆ. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಸರಿ, ಬೇರೆ ನೀರಿಲ್ಲದಿದ್ದರೂ 1.5 ದಾಟಬಾರದು. ಅದಕ್ಕೆ ಪೊರೆಯಲ್ಲಿ ಸೋಸುವ ಆರ್‌ಓ ಯಂತ್ರ ಬೇಕು, ಆದರೆ ಆರ್‌ಓ ತಾನು ಶುದ್ಧ ಮಾಡಿದ್ದಕ್ಕಿಂತ ಹೆಚ್ಚು ನೀರನ್ನು ಹೊರಗೆ ಚೆಲ್ಲುವುದುಂಟು; ಆ ನೀರಿಗೆ ಶೌಚಾಲಯದ ಟಾಕಿಗೊಂದು ಪೈಪು ಕೇಳಿ. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭಾ ನಳದ ನೀರು ಬರುವ ಸಾಲಿಗೆ ಆರ್‌ಓ ದುಂದು, ಸಾದಾ ಫಿಲ್ಟರ್ ಜತೆ ಯುವಿ ಸಾಕು. ಎರಡಕ್ಕೂ ಒಳಗಿನ ಸೋಸುವ ಕಾರ್ಟ್ರಿಜ್ ಮೂರರಿಂದ ಆರು ತಿಂಗಳಿಗೆ ಬದಲಿಸಬೇಕು. ಬೋರ್ಡಿನಲ್ಲಿ ದಾನಿಯ ಹೆಸರಿನ ಕೆಳಗೆ ಕಾರ್ಟ್ರಿಜ್ ಬದಲಿಸಿದ ತಾರೀಖು ಬರೆಯಲು ಜಾಗವಿಲ್ಲದ ಘಟಕ ಎರಡನೇ ವರ್ಷಕ್ಕೆ ಬಟ್ಟೆ ಒಣಹಾಕುವ ಗೂಟವಾಗುತ್ತದೆ.

ನೋಟ್‌ಬುಕ್ಕು, ಬ್ಯಾಗು ಹಂಚಿಕೆಗೆ ಹೆಚ್ಚು ಮಾತು ಬೇಡ. ಜೂನ್ ಮೊದಲ ವಾರ ಬಂದರೆ ಉಪಯೋಗ, ಆಗಸ್ಟ್ 15ಕ್ಕೆ ಬಂದರೆ ಫೋಟೋ.

ಕೇಳುವ ಪತ್ರ ಒಂದೇ ಪುಟ ಇರಲಿ: ಯುಡೈಸ್ ಸಂಖ್ಯೆ (ಸಾಲಿಯ ಸರಕಾರಿ ಗುರುತು ಸಂಖ್ಯೆ), ತರಗತಿವಾರು ಗಂಡು-ಹೆಣ್ಣುಮಕ್ಕಳ ಸಂಖ್ಯೆ, ಬೇಕಾದದ್ದು ಒಂದೇ ಒಂದು ಕೆಲಸ, ಜತೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವಿನ ನಕಲು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ. ಐದು ಬೇಡಿಕೆ ಬರೆದರೆ ಕ್ಲಬ್ಬು ಅದರಲ್ಲಿ ಅಗ್ಗದ್ದನ್ನು ಆರಿಸುತ್ತದೆ. ಮಕ್ಕಳ ಫೋಟೋಕ್ಕೆ ಪಾಲಕರ ಒಪ್ಪಿಗೆ ಬೇಕೆಂಬುದನ್ನೂ ಅದರಲ್ಲೇ ಹೇಳಿಬಿಡಿ.

ಒಪ್ಪಂದಕ್ಕೆ ಎರಡು ಸಹಿ ಹಾಕಿಸಿ, ಒಂದು ಈಗಿನ ಅಧ್ಯಕ್ಷರದು, ಇನ್ನೊಂದು ಜುಲೈ 1ಕ್ಕೆ ಕುರ್ಚಿ ಏರುವವರದು. ಸಾಲಿಯ ರಿಜಿಸ್ಟರಿನಲ್ಲಿ ತಪಾಸಣೆ, ಚಷ್ಮಾ ಕೊಟ್ಟ ದಿನ, ಮೂರನೇ ತಿಂಗಳು, ಮುಂದಿನ ವರ್ಷದ ನಂಬರು ಎಂದು ನಾಲ್ಕು ಕಾಲಂ ಎಳೆದು, ಕೊನೆಯ ಎರಡನ್ನು ಖಾಲಿ ಬಿಟ್ಟೇ ಆ ಎರಡನೆಯವರಿಗೆ ತೋರಿಸಿ.