81,000 ಕಿ.ಮೀ. ಓಡಿದ ಕಾರು, ಮತ್ತು ಆ ಗುಂಯ್ ಸದ್ದು

2017ರ ದಸರಾ ಹೊತ್ತಿಗೆ ತಗೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೆಸರು ಬೇಡ ಬಿಡಿ, ನಿಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಇಳಿದರೆ ಅಂಥವೇ ನಾಲ್ಕು ನಿಂತಿರುತ್ತವೆ. ಎಂಜಿನ್ ಎಷ್ಟು ಸಿಸಿ, ಡಿಕ್ಕಿ ಎಷ್ಟು ಲೀಟರ್ ಅನ್ನೋದೆಲ್ಲ ನೀವಾಗಲೇ ಓದಿರುತ್ತೀರಿ. ನಾನು ಬರೆಯೋಕೆ ಕೂತಿದ್ದು ಎಂಟು ತಿಂಗಳು ತಲೆ ತಿಂದ ಒಂದು ಸದ್ದಿನ ಬಗ್ಗೆ.

ಅದಕ್ಕೂ ಮೊದಲು ಒಂದು ಮಾತು. ಈ ಕಾರಿನ ಮೇಲೆ ನನಗೆ ಪ್ರೀತಿ ಇದೆ. ಬೆಂಗಳೂರಿನ ವಿಜಯನಗರದ ನಮ್ಮ ಮನೆ ಮುಂದೆ ಹೊಂಗೆ ಮರ. ಏಪ್ರಿಲ್ ಬಂತೆಂದರೆ ಮುಂದಿನ ಗಾಜಿನ ಬುಡದ ಜಾಲರಿ ತುಂಬ ಹೂವು. ಹಳೇ ಪಂಚೆಯ ತುಂಡು, ಒಂದು ಮಗ್ ನೀರು, ಸವೆದ ಹಲ್ಲುಜ್ಜೋ ಬ್ರಷ್ ಹಿಡಿದು ಬೆಳಿಗ್ಗೆ ಹತ್ತು ನಿಮಿಷ ಕೆದಕುತ್ತೇನೆ. ಈ ಕೆಲಸ ಏಳು ವರ್ಷದಲ್ಲಿ ಯಾರಿಗೂ ಬಿಟ್ಟುಕೊಟ್ಟಿಲ್ಲ. ಸೀಟು ಅಮ್ಮನ ಮಂಡಿಗೆ ಸರಿಯಾದ ಎತ್ತರ, ಹತ್ತೋಕೆ ಇಳಿಯೋಕೆ ಯಾರ ಕೈಯೂ ಬೇಡ. ನಮ್ಮಂಥ ಸಂಬಳದವರಿಗೆ ಇಷ್ಟು ಸಾಕಿತ್ತು.

ಸದ್ದು ಶುರುವಾಗೋದು ವೇಗ ಗಂಟೆಗೆ 60 ಕಿ.ಮೀ. ದಾಟಿದ ಮೇಲೆ. ಹಾಗಾಗಿ ಬೆಂಗಳೂರೊಳಗೇ ಓಡಾಡುವವರಿಗೆ ಈ ಕಾಯಿಲೆ ಗೊತ್ತೇ ಆಗಲ್ಲ! ನಾವು ಹದಿನೈದು ದಿನಕ್ಕೊಮ್ಮೆ ಮಂಡ್ಯಕ್ಕೆ ಹೋಗ್ತೀವಿ. ಕಣಿಮಿಣಿಕೆ ಟೋಲ್ ದಾಟಿ ಕಾಲು ಒತ್ತಿದರೆ ಮೊದಲು ಸೊಳ್ಳೆ ಹಾಗೆ ಸಣ್ಣಗೆ, 80ಕ್ಕೆ ಗುಂಯ್ ಅಂತ, 95ಕ್ಕೆ ಹಿಟ್ಟಿನ ಮಿಷನ್ನೇ. ಹಿಂದೆ ಕೂತ ಅಮ್ಮ, 'ಯಾವುದೋ ಮಗು ಅಳ್ತಿದೆ ಕಣೋ' ಅಂದಳು. ಹೆಂಡತಿ ಪಕ್ಕದ ಸೀಟಿನಿಂದ, 'ರೀ, ಇಲ್ಲೇ, ನನ್ನ ಕಾಲ ಹತ್ರಾನೇ ಬರ್ತಿದೆ' ಅಂದಳು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.

ಸರ್ವಿಸ್ ಸೆಂಟರ್‌ನವರು ಟ್ರಯಲ್ ನೋಡಿದ್ದು ಸಂಜೆ ಐದೂವರೆಗೆ, ಅವರ ಗೇಟಿನ ಮುಂದಿನ ರಸ್ತೆಯಲ್ಲಿ. ಗಾಡಿ 35 ಮುಟ್ಟಿದ್ದರೆ ಹೆಚ್ಚು. 'ಏನೂ ಕೇಳಿಸ್ತಿಲ್ವಲ್ಲ ಸಾರ್. ಇದ್ದರೂ ಟೈರ್ ಸದ್ದು, ನಾರ್ಮಲ್.' ನಂಬಿ ಮುಂದಿನ ಎರಡೂ ಟೈರ್ ಬದಲಿಸಿದೆ, 9,600 ರೂಪಾಯಿ. ಮುಂದಿನ ಶನಿವಾರ ಹೊಸ ಟೈರಿನ ಮೇಲೆ ಅದೇ ಹಳೇ ರಾಗ. ಎರಡನೇ ಸಲ ಹೋದಾಗ, ಗೇರ್‌ಬಾಕ್ಸ್ ಇಳಿಸಿ ನೋಡಬೇಕು ಅಂತ 38,000ದ ಎಸ್ಟಿಮೇಟ್ ಕೈಗಿಟ್ಟರು. ಅಲ್ಲಿಗೆ ನನಗೆ ರೇಗಿತು.

ಆಮೇಲೆ ನಾನೇ ಒಂದೊಂದಾಗಿ ನೋಡುತ್ತಾ ಬಂದೆ. 70ರಲ್ಲಿ ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಿದೆ. ಎಂಜಿನ್ ಕೂಗು ಏರಿತು, ಗುಂಯ್ ಇದ್ದಲ್ಲೇ ಇತ್ತು. ಕ್ಲಚ್ ಒತ್ತಿ ಹಿಡಿದರೂ ಅಷ್ಟೇ. ಅಂದರೆ ಅದು ಎಂಜಿನ್ ಮಾತು ಕೇಳ್ತಿಲ್ಲ, ಚಕ್ರದ ಮಾತು ಕೇಳ್ತಿದೆ. ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ಟೈರ್ ಸದ್ದಾದರೆ ದನಿ ಬದಲಾಗುತ್ತೆ, ಇದು ಬದಲಾಗಲಿಲ್ಲ. ಕೊನೆಗೆ ನೈಸ್ ರೋಡಿನ ತಿರುವುಗಳು. ಬಲಕ್ಕೆ ತಿರುಗಿಸಿದರೆ ಗುಂಯ್ ಜೋರು, ಎಡಕ್ಕೆ ತಿರುಗಿಸಿದರೆ ತಗ್ಗುತ್ತೆ. ಬಲಕ್ಕೆ ತಿರುಗಿದಾಗ ಕಾರಿನ ಭಾರ ಬೀಳೋದು ಎಡಗಡೆ ಚಕ್ರದ ಮೇಲೆ. ಎಡ ಮುಂದಿನ ಚಕ್ರ. ಹೆಂಡತಿಯ ಕಾಲ ಹತ್ರ.

ಜೆ.ಸಿ. ರಸ್ತೆಯ ಪಕ್ಕದ ಒಂದು ಗಲ್ಲಿಯ ಮೆಕ್ಯಾನಿಕ್ ಹತ್ರ ಹೋದೆ. ಇಷ್ಟೆಲ್ಲ ವಿವರಿಸೋ ಮೊದಲೇ ಆತ ಜಾಕ್ ಹಾಕಿ ಚಕ್ರ ಎತ್ತಿದ್ದ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಮೇಲೆ ಇಟ್ಟ. 'ಕೈ ಇಡಿ ಸಾರ್.' ಇಟ್ಟೆ. ಸ್ಪ್ರಿಂಗಿನೊಳಗೆ ಜರಜರ ಅಂತ ಸಣ್ಣ ನಡುಕ, ಕಾಫಿಪುಡಿ ಬೀಸುವಾಗ ಡಬ್ಬಿ ಹಿಡಿದ ಹಾಗೆ. ಬಲಗಡೆ ಚಕ್ರಕ್ಕೂ ಹಾಗೇ ಮಾಡಿದ. ಅಲ್ಲಿ ಏನೂ ಇಲ್ಲ. ವೀಲ್ ಬೇರಿಂಗ್, ಅಂದರೆ ಚಕ್ರ ಸಲೀಸಾಗಿ ತಿರುಗೋಕೆ ಅದರ ನಡುವೆ ಕೂರಿಸಿರೋ ಗುಂಡುಗಳ ಬಳೆ, ಹೋಗಿತ್ತು.

ನನ್ನ ಕಾರಿನದು ಪ್ರೆಸ್ ಮಿಷನ್ನಿನಲ್ಲಿ ಒತ್ತಿ ಕೂರಿಸುವ ಬೇರಿಂಗ್. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಒಳಗಿನ ಗುಂಡುಗಳ ದಾರಿಗೆ ಏಟು ಬಿದ್ದು ಹೊಸದೂ ತಿಂಗಳಲ್ಲಿ ಕೂಗುತ್ತೆ, ಹಾಗಾಗಿ ಪ್ರೆಸ್ ಇರೋ ಕಡೆಗೇ ಹೋಗಿ. ಇನ್ನೊಂದು ವಿಷಯ: ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಇರೋ ಹಲವು ಗಾಡಿಗಳಲ್ಲಿ ಇಂಥ ಬೇರಿಂಗಿನ ಒಂದು ಮಗ್ಗುಲಿಗೆ ಅಯಸ್ಕಾಂತದ ಪಟ್ಟಿ ಇರುತ್ತೆ. ಆ ಮಗ್ಗುಲು ಚಕ್ರದ ವೇಗ ಅಳೆಯೋ ಸೆನ್ಸಾರ್ ಕಡೆ ಇರಬೇಕು, ತಿರುಗಾಮುರುಗಾ ಆದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ. ಆತ ಒಂದು ಗುಂಡುಪಿನ್ ಹಿಡಿದು ಯಾವ ಕಡೆ ಅಂಟುತ್ತೆ ನೋಡಿಕೊಂಡು ಆಮೇಲೆ ಕೂರಿಸಿದ. ಬೇರಿಂಗ್ 1,450, ಕೂಲಿ 900. ಗೇರ್‌ಬಾಕ್ಸ್ ಎಸ್ಟಿಮೇಟ್ ಇನ್ನೂ ಜೇಬಲ್ಲೇ ಇತ್ತು.

ಹಳೇ ಬೇರಿಂಗ್ ಮನೆಗೆ ತಂದಿದ್ದೀನಿ. ಬೆರಳು ಹಾಕಿ ತಿರುಗಿಸಿದರೆ ಮರಳು ತುಂಬಿದ ಹಾಗೆ ಕಚ್ಚಿ ಕಚ್ಚಿ ತಿರುಗುತ್ತೆ, ಗ್ರೀಸು ತುಕ್ಕಿನ ಬಣ್ಣ. ನೀರು ಹೊಕ್ಕಿದೆ ಅಂದ ಮೆಕ್ಯಾನಿಕ್. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರಿನ ಹತ್ರ ಅರ್ಧ ಚಕ್ರ ಮುಳುಗುವ ನೀರಲ್ಲಿ ಒಂದು ಗಂಟೆ ನಿಂತಿದ್ದೆ, ಅವತ್ತೇ ಶುರುವಾಗಿರಬಹುದು. ಅದೂ ಅಲ್ಲದೆ ಚರಂಡಿ ಬದಿಯ ಗುಂಡಿಗಳನ್ನೆಲ್ಲ ಹಾರೋದು ಎಡಗಡೆ ಚಕ್ರವೇ. ಹಾಗಾಗಿ ಕಾರನ್ನು ಪೂರ್ತಿ ಬೈಯೋಕೆ ಮನಸ್ಸು ಬರ್ತಿಲ್ಲ. ಬೈಗುಳದಲ್ಲಿ ಸರ್ವಿಸ್ ಸೆಂಟರಿಗೆ ಮುಕ್ಕಾಲು ಪಾಲು, ನಮ್ಮ ರಸ್ತೆಗೆ ಉಳಿದದ್ದು.

ಮಾರೋ ಯೋಚನೆ ಬಿಟ್ಟಿದ್ದೀನಿ. ಕಳೆದ ಶನಿವಾರ ಬಿಡದಿ ದಾಟಿ 95ರಲ್ಲಿ ಹೋಗ್ತಿದ್ದಾಗ, ಅಮ್ಮನ ಎಲೆಅಡಿಕೆ ಡಬ್ಬಿಯ ಮುಚ್ಚಳ ಕಟಕಟ ಅನ್ನೋದು ಮುಂದಿನ ಸೀಟಿಗೆ ಕೇಳಿಸಿತು. ಬಲಗಡೆ ಬೇರಿಂಗ್ ಮಾತ್ರ ಇನ್ನೂ ಹಳೆಯದೇ. ಸದ್ಯಕ್ಕೆ ಮುಟ್ಟೋದು ಬೇಡ, ಮಳೆಗಾಲ ಕಳೀಲಿ ಅಂದಿದ್ದಾನೆ ಮೆಕ್ಯಾನಿಕ್.