ಡಿವೈಸ್ ಟ್ರೀಯಿಂದ ಯು8 ಓದುವ ಕೋಡ್: ರಿವ್ಯೂ ಮಾಡುವಾಗ ಹುಷಾರು

ಲಿನಕ್ಸ್ ಡ್ರೈವರ್ ರಿವ್ಯೂ ಮಾಡುವವರೇ, ಡಿವೈಸ್ ಟ್ರೀಯಿಂದ (ಬೋರ್ಡಿನಲ್ಲಿ ಏನೇನು ಹಾರ್ಡ್‌ವೇರ್ ಇದೆ ಅಂತ ಕರ್ನಲ್‌ಗೆ ಹೇಳುವ ವಿವರಪಟ್ಟಿ) ಒಂದು ಬೈಟ್ ಓದುವ ಸಾಲು ಕಂಡರೆ ಡ್ರೈವರ್ ಫೈಲ್ ಮಾತ್ರ ನೋಡಿ ಓಕೆ ಅನ್ನಬೇಡಿ. ಪಕ್ಕದಲ್ಲಿ ಡಿಟಿಎಸ್ ಫೈಲನ್ನೂ (ಡಿವೈಸ್ ಟ್ರೀಯ ಸೋರ್ಸ್) ತೆರೆದಿಟ್ಟುಕೊಳ್ಳಿ.

ನಮ್ಮ ಬೋರ್ಡಿನ ಒಂದು ಸೆನ್ಸರ್‌ಗೆ ಗೇನ್ (ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ) ಎಷ್ಟು ಅಂತ ಡಿಟಿಎಸ್‌ನಲ್ಲಿ <5> ಎಂದು ಬರೆದಿದ್ದರು. ಡ್ರೈವರ್‌ನಲ್ಲಿ ಗೇನ್ ಯು8 (8 ಬಿಟ್, ಅಂದರೆ ಒಂದು ಬೈಟ್), ಓದಿದ್ದೂ ಯು8 ಫಂಕ್ಷನ್‌ನಲ್ಲೇ. ರಿಟರ್ನ್ ವ್ಯಾಲ್ಯೂ ಕೂಡ ಚೆಕ್ ಮಾಡಿದ್ದರು. ನೋಡೋಕೆ ಅಚ್ಚುಕಟ್ಟು, ರಿವ್ಯೂ ಸಲೀಸಾಗಿ ಪಾಸಾಯಿತು. ಸಿಗ್ನಲ್ ಮಾತ್ರ ಯಾವಾಗಲೂ ಮಂಕು. 5 ಇದ್ದದ್ದನ್ನು 7 ಮಾಡಿದರೂ ಅಷ್ಟೇ, 3 ಮಾಡಿದರೂ ಅಷ್ಟೇ. ಹಾರ್ಡ್‌ವೇರ್‌ನವರನ್ನು ದೂರಿದ್ದಾಯಿತು, ಕೇಬಲ್ ಬದಲಿಸಿದ್ದಾಯಿತು.

ವಿಷಯ ಇಷ್ಟೇ. ಡಿಟಿಎಸ್‌ನಲ್ಲಿ <> ಒಳಗೆ ಸುಮ್ನೆ ಬರೆದ ಅಂಕಿ ಎಷ್ಟೇ ಚಿಕ್ಕದಿರಲಿ, 32 ಬಿಟ್ ಹಿಡಿಯುತ್ತದೆ. ಅದೂ ಬಿಗ್ ಎಂಡಿಯನ್ (ದೊಡ್ಡ ಬೆಲೆಯ ಬೈಟ್ ಮೊದಲು). ಅಂದರೆ 5 ಕೂರುವುದು 00 00 00 05 ಅಂತ. ಯು8 ಫಂಕ್ಷನ್ ಎತ್ತಿಕೊಳ್ಳುವುದು ಮೊದಲ ಬೈಟ್, ಅಂದರೆ ಸೊನ್ನೆ. ಯು16 ಹಾಕಿದ್ದರೂ ಸೊನ್ನೆಯೇ. ಡೇಟಾ ಕಡಿಮೆ ಬಿದ್ದರೆ ಈ ಫಂಕ್ಷನ್ ಎರರ್ ಕೊಡುತ್ತದೆ, ಜಾಸ್ತಿ ಇದ್ದರೆ ತುಟಿ ಪಿಟಕ್ಕೆನ್ನುವುದಿಲ್ಲ!

ಇದಕ್ಕೆ ಬಂದ ಮೊದಲ ಪ್ಯಾಚ್ ಇನ್ನೂ ಅಪಾಯದ್ದು. ಗೇನ್‌ನ ಪಾಯಿಂಟರನ್ನು ಕಾಸ್ಟ್ ಮಾಡಿ (ಬೇರೆ ಟೈಪಿನದು ಅಂತ ತೋರಿಸಿ) ಯು32 ಫಂಕ್ಷನ್‌ಗೆ ಕೊಟ್ಟಿದ್ದರು. ಕಾಸ್ಟ್ ಇದ್ದುದರಿಂದ ಕಂಪೈಲರ್ ಗೊಣಗಲಿಲ್ಲ. ನಮ್ಮದು ಲಿಟಲ್ ಎಂಡಿಯನ್ (ಚಿಕ್ಕ ಬೆಲೆಯ ಬೈಟ್ ಮೊದಲು) ಪ್ರೊಸೆಸರ್, ಹಾಗಾಗಿ 5 ಸರಿಯಾಗಿಯೇ ಬಂತು. ಎಲ್ಲರಿಗೂ ಖುಷಿ. ಆದರೆ ಬರೆದದ್ದು ನಾಲ್ಕು ಬೈಟ್ ಅಲ್ವಾ? ಸ್ಟ್ರಕ್ಟ್‌ನಲ್ಲಿ ಗೇನ್ ಆದಮೇಲಿನ ಮೂರು ಬೈಟ್ ಸೊನ್ನೆಯಾದವು, ಅದರಲ್ಲಿ ಚಾನೆಲ್ ನಂಬರೂ ಒಂದು. ಮುಂಚೆ ಮಂಕಾಗಿದ್ದರೂ ಸರಿಯಾದ ಚಾನೆಲ್ ಬರುತ್ತಿತ್ತು, ಈಗ ಅದೂ ಇಲ್ಲ. ಇಂಥ ಕಾಸ್ಟ್ ಕಂಡರೆ ಯಾವ ವಾದವನ್ನೂ ಕೇಳದೆ ವಾಪಸ್ ಕಳಿಸಿ.

ಯು32 ಲೋಕಲ್ ವೇರಿಯಬಲ್‌ಗೆ ಓದಿ, ಸೆನ್ಸರ್ ಒಪ್ಪುವ ಮಿತಿಯೊಳಗಿದೆಯಾ ನೋಡಿ, ಆಮೇಲೆ ಯು8ಗೆ ಹಾಕಿ. ಡಿಟಿಎಸ್‌ನಲ್ಲೇ ಪ್ರಾಪರ್ಟಿಯನ್ನು 8 ಬಿಟ್ ಅಂತ ಗುರುತಿಸಿ ಬೈಂಡಿಂಗ್ ಸ್ಕೀಮಾವನ್ನೂ (ಪ್ರಾಪರ್ಟಿ ಹೇಗಿರಬೇಕು ಅಂತ ಹೇಳುವ ಫೈಲ್) ಬದಲಿಸಬಹುದು. ಆದರೆ ಅದರಿಂದ ಜಾಗವೇನೂ ಉಳಿಯುವುದಿಲ್ಲ. ಡಿಟಿಬಿಯಲ್ಲಿ (ಡಿಟಿಎಸ್ ಕಂಪೈಲ್ ಆಗಿ ಬರುವ ಬೈನರಿ) ಪ್ರಾಪರ್ಟಿಗಳನ್ನು ಹೇಗೂ ನಾಲ್ಕು ಬೈಟ್ ಗಡಿಗೆ ಹೊಂದಿಸುತ್ತಾರೆ. ಮೇಲಾಗಿ ಹಳೆಯ ಡಿಟಿಬಿ ಇರುವ ಬೋರ್ಡ್‌ಗಳು ಆಗಲೇ ಹೊರಗೆ ಹೋಗಿದ್ದರೆ, ಅವುಗಳಲ್ಲಿ ಇರುವುದು 32 ಬಿಟ್ಟೇ.

ಅನುಮಾನ ಬಂದರೆ ಬೋರ್ಡಿನಲ್ಲಿ ಪ್ರಾಕ್ (/proc) ಕೆಳಗಿನ ಡಿವೈಸ್ ಟ್ರೀ ಫೋಲ್ಡರ್‌ಗೆ ಹೋಗಿ, ಆ ಪ್ರಾಪರ್ಟಿಯ ಫೈಲನ್ನು ಹೆಕ್ಸ್‌ಡಂಪ್ ಮಾಡಿ. ಇರುವುದು ಒಂದು ಬೈಟೋ ನಾಲ್ಕೋ ಅಂತ ಅಲ್ಲೇ ಕಾಣುತ್ತದೆ.